ಹೊಗೆಯಪ್ಪನಿಗೊಂದು ಎಲೆ

ಶಿರಾದ ಪೇಟೆಬೀದಿಯಲ್ಲಿ ಗುರುವಾರ ಸಂಜೆ ನೀವು ನೋಟ್‌ಬುಕ್ಕು, ಪೆನ್ನಿನ ರೀಫಿಲ್ಲು ಅಂತ ಯಾವುದಾದರೂ ಅಂಗಡಿ ಹತ್ತಿದರೆ, ನಿಮಗಿಂತ ಮೊದಲೇ ಅಲ್ಲೊಂದು ಹೊಗೆ ಬಂದು ನಿಂತಿರುತ್ತದೆ. ಹಸಿರು ರುಮಾಲಿನ ವಯಸ್ಸಾದ ಸಾಬರೊಬ್ಬರು ಕೆಂಡದ ಬಟ್ಟಲಿಗೆ ಸಾಂಬ್ರಾಣಿ ಉದುರಿಸಿಕೊಂಡು ಅಂಗಡಿಯಿಂದ ಅಂಗಡಿಗೆ ಬರುತ್ತಾರೆ. ಬಾಗಿಲಿಗೊಂದು ಸುತ್ತು, ಗಲ್ಲಾಪೆಟ್ಟಿಗೆಗೊಂದು ಸುತ್ತು, ಎದುರಿಗೆ ಸಿಕ್ಕಿದ ಗಿರಾಕಿಗೂ ಒಂದು ಸುತ್ತು. ಅಂಗಡಿಯವರು ಯಾವ ಜಾತಿಯವರಾದರೂ ತಲೆ ಬಾಗಿಸಿ ಆ ಹೊಗೆಯನ್ನು ಮುಖಕ್ಕೆ ತಂದುಕೊಳ್ಳುತ್ತಾರೆ.

ಮೊನ್ನೆ ಗುರುವಾರ ಆ ಹೊಗೆಯ ಒಂದು ಸುರುಳಿ ನೇರ ನನ್ನ ಕಡೆಗೇ ಬಂತು. ಬಂದು, ನನ್ನ ಎದುರಿಗೆ ಒಂದು ಗಳಿಗೆ ಆಳೆತ್ತರಕ್ಕೆ ನಿಂತುಕೊಂಡಿತು. ನನ್ನ ಬಾಯಿಂದ "ಅಯ್ಯೋ, ಹೊಗೆಯಪ್ಪ!" ಎಂದು ಹೊರಟೇಹೋಯಿತು. ಸಾಬರು ಪಾಪ, ತಮ್ಮನ್ನೇ ಕರೆದೆ ಅಂದುಕೊಂಡು "ಕ್ಯಾ ಅಮ್ಮಾ, ಏನು ಬೇಕು?" ಎಂದರು. ತಲೆಯಲ್ಲಿ ಅರ್ಧ ಬಿಳಿಗೂದಲು, ಕೈಯಲ್ಲಿ ಹೈಸ್ಕೂಲಿನ ಉತ್ತರಪತ್ರಿಕೆಗಳ ಕಟ್ಟು ಇರುವ ಹೆಂಗಸು ಏನಂತ ಹೇಳುವುದು? ಬೇಡವಾಗಿದ್ದ ಎರಡು ರೀಫಿಲ್ಲು ಹೆಚ್ಚಿಗೆ ಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದೆ.

ಹೊಗೆಯಪ್ಪ ಯಾರು ಅಂತ ನೀವು ಕೇಳುತ್ತೀರಿ. ಗೊತ್ತಿರಲಿಕ್ಕಿಲ್ಲ ಬಿಡಿ, ಯಾರಿಗೂ ಗೊತ್ತಿಲ್ಲ. ನಾನು ಚಿಕ್ಕವಳಿದ್ದಾಗ ಟಿವಿಯಲ್ಲಿ ಭಾನುವಾರ ಬೆಳಿಗ್ಗೆ ಅವನ ಧಾರಾವಾಹಿ ಬರುತ್ತಿತ್ತು. ಬಂದದ್ದು ಹನ್ನೊಂದೇ ವಾರ. ಆಮೇಲೆ ಹೇಳದೆ ಕೇಳದೆ ನಿಂತುಹೋಯಿತು. ನಮ್ಮ ತಾವರೆಕೆರೆ ಶಾಲೆಯಲ್ಲಿ ನಾಗಮಣಿ ಅಂತ ಒಬ್ಬ ಟೀಚರ್ ಇದ್ದಾಳೆ, ಪಾವಗಡದ ಕಡೆ ವಳ್ಳೂರಿನವಳು. ಫೋನಿನಲ್ಲಿ ಹುಡುಕಿದರೆ ಸಿಗದೇ ಇರುವುದು ಪ್ರಪಂಚದಲ್ಲಿ ಇಲ್ಲವೇ ಇಲ್ಲ ಎಂದು ನಂಬಿದವಳು. ಊಟದ ಬಿಡುವಿನಲ್ಲಿ ಅವಳ ಕೈಯಲ್ಲಿ ಹುಡುಕಿಸಿದೆ. ಒಂದಷ್ಟು ಹೊತ್ತು ಬೆರಳಾಡಿಸಿ, "ಅಟ್ಲಾಂಟಿದಿ ಯಾವ್ದೂ ಇಲ್ಲಕ್ಕಾ. ನೀವು ಕಲ ಕಂಡಿದೀರ ಅಷ್ಟೇ," ಎಂದಳು. ಅವರ ಮನೆಮಾತು ತೆಲುಗಿನಲ್ಲಿ ಕಲ ಅಂದರೆ ಕನಸು.

"ನಿಮ್ಮ ಮನೆಯಲ್ಲಿ ನೋಡ್ತಿರಲಿಲ್ವೇನೇ?" ಎಂದೆ.

"ಯಾವ ಟಿವಿ ಅಕ್ಕಾ? ನಮ್ಮೂರಲ್ಲಿ ಆವಾಗ ಕರೆಂಟೇ ಸರಿಯಾಗಿ ಇರ್ಲಿಲ್ಲ. ಈಗ ನೋಡಿ, ಹೊಲ ತುಂಬಾ ಸೋಲಾರ್ ಹಲಗೆ. ಊರೂರಿಗೆ ನಾವೇ ಕರೆಂಟ್ ಕೊಡೋದು!" ಎಂದು ನಕ್ಕಳು.

ಕನಸು ಎಂದಿದ್ದಕ್ಕೆ ನಾನು ಜಗಳ ಮಾಡಲಿಲ್ಲ. ಅದು ಇದ್ದದ್ದೂ ಹಾಗೇ. ನಮ್ಮ ಊರು ಮಧುಗಿರಿ ತಾಲ್ಲೂಕಿನ ಪುರವರ. ಅಪ್ಪ ಮೇಷ್ಟರಾಗಿದ್ದರಿಂದ ಮನೆಯಲ್ಲಿ ಒಂದು ಕಪ್ಪು ಬಿಳುಪು ಟಿವಿ ಇತ್ತು. ಗಾಳಿ ಬೀಸಿದಾಗೆಲ್ಲ ಆಂಟೆನಾ ಬೆಟ್ಟದ ಕಡೆಗೆ ಮುಖ ತಿರುಗಿಸಿಬಿಡುತ್ತಿತ್ತು, ಪರದೆಯ ಮೇಲೆ ಬರೀ ಚುಕ್ಕಿ. ಆ ಚುಕ್ಕಿಗಳ ನಡುವೆಯಿಂದ ಹೊಗೆಯಪ್ಪ ಎದ್ದು ಬರುತ್ತಿದ್ದ. ಅವನು ಹೊಗೆಯೋ, ಚುಕ್ಕಿಯೋ, ನಮ್ಮ ಕಣ್ಣಿನ ಮಂಪರೋ ಹೇಳುವುದಕ್ಕೆ ಆಗುತ್ತಿರಲಿಲ್ಲ. ಭಾನುವಾರ ಎಣ್ಣೆ ನೀರು ಹಾಕಿಸಿಕೊಂಡು ಒದ್ದೆ ತಲೆಯಲ್ಲಿ ಟಿವಿ ಮುಂದೆ ಕೂರುತ್ತಿದ್ದೆ. ಸೀಗೇಕಾಯಿ ತಾಗಿ ಉರಿಯುವ ಕಣ್ಣಿಗೆ ಪ್ರಪಂಚವೆಲ್ಲ ಸ್ವಲ್ಪ ನೀರಿನೊಳಗೆ ಇದ್ದಂತೆ ಕಾಣುತ್ತದೆ. ಹೊಗೆಯಪ್ಪನನ್ನು ನಾನು ನೋಡಿದ್ದು ಹನ್ನೊಂದು ವಾರವೂ ಅಂಥ ಕಣ್ಣಿನಲ್ಲೇ.

ಧಾರಾವಾಹಿ ಹಿಂದಿಯದು. ಅದಕ್ಕೆ ಏನೋ ಉದ್ದದ ಹೆಸರಿತ್ತು, ಮರೆತಿದೆ. ಯಾವುದೋ ಕಾಮಿಕ್ಸ್ ಪುಸ್ತಕದಿಂದ ತೆಗೆದದ್ದು. ಆ ಪುಸ್ತಕದ ಒಂದು ಸಂಚಿಕೆ ಅಪ್ಪನಿಗೆ ಕೊರಟಗೆರೆ ಬಸ್‌ಸ್ಟ್ಯಾಂಡಿನ ಹಳೇ ಪುಸ್ತಕದ ರಾಶಿಯಲ್ಲಿ ಸಿಕ್ಕಿ, ನನ್ನ ಕೈಗೆ ಬಂದಿತ್ತು. ಮುಂದಿನ ರಟ್ಟೂ ಇರಲಿಲ್ಲ, ಕೊನೆಯ ಹಾಳೆಗಳೂ ಇರಲಿಲ್ಲ. ನಾನು ಆಗ ಹಿಂದಿಯ ಮೊದಲ ಪರೀಕ್ಷೆಗೆ ಕಟ್ಟಿದ್ದೆ. ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಬೆವರುತ್ತಿದ್ದೆ. ಆದರೂ ಊರಿಗೆಲ್ಲ ಹಿಂದಿ ಬಲ್ಲವಳು ನಾನೊಬ್ಬಳೇ. ಆ ಜಂಬ ಏನು ಕೇಳುತ್ತೀರಿ!

ಕತೆ ಇಷ್ಟು. ಅವನು ಬೆಂಕಿ ಆರಿಸುವ ದಳದವನು. ಒಂದು ದೊಡ್ಡ ಬೆಂಕಿಯಲ್ಲಿ ಮಕ್ಕಳನ್ನು ಉಳಿಸಲು ಹೋಗಿ ತಾನೇ ಸುಟ್ಟುಹೋದ. ಮೈ ಸಿಗಲಿಲ್ಲ, ಮೂಳೆ ಸಿಗಲಿಲ್ಲ. ಹಾಗಾಗಿ ಅವನಿಗೆ ಯಾರೂ ಕರ್ಮ ಮಾಡಲಿಲ್ಲ. ಕರ್ಮವಾಗದ ಜೀವ ಹೊಗೆಯಾಗಿ ಉಳಿಯಿತು, ಆ ಹೊಗೆಗೆ ಶಕ್ತಿ ಬಂತು. ಎಲ್ಲಿ ಬೆಂಕಿ ಬಿದ್ದರೂ, ಎಲ್ಲಿ ಅನ್ಯಾಯವಾದರೂ ಅವನು ಒಲೆಯಿಂದಲೋ ಬೀಡಿಯಿಂದಲೋ ಎದ್ದು ಬಂದುಬಿಡುತ್ತಾನೆ. ಅವನನ್ನು ಇಲ್ಲವಾಗಿಸಲು ಒಂದೇ ದಾರಿ: ಯಾರಾದರೂ ಅವನ ಕರ್ಮ ಮಾಡಿ ಮುಗಿಸುವುದು. ಅದಕ್ಕಾಗಿ ಬಿಳಿಗಡ್ಡದ ಮಾಂತ್ರಿಕನೊಬ್ಬ ವಾರ ವಾರವೂ ಪಿಂಡ ಹಿಡಿದುಕೊಂಡು ಓಡಾಡುತ್ತಾನೆ. ಹೊಗೆಯಪ್ಪನ ತಾಯಿ ಮಾತ್ರ ಒಪ್ಪುವುದಿಲ್ಲ. ನನ್ನ ಮಗ ಬದುಕಿದ್ದಾನೆ ಎಂದು ಕಿಟಕಿಯಲ್ಲಿ ದೀಪ ಹಚ್ಚಿ ಕೂತಿರುತ್ತಾಳೆ.

ಇದನ್ನೆಲ್ಲ ನಾನು ನೋಡುತ್ತ ನೋಡುತ್ತ ಅಜ್ಜಿಗೆ ಕನ್ನಡದಲ್ಲಿ ಹೇಳಬೇಕಿತ್ತು. ಅಜ್ಜಿ ನನ್ನ ಅಪ್ಪನ ತಾಯಿ. ಹೊಸ್ತಿಲ ಹತ್ತಿರ ಕಾಲು ಚಾಚಿಕೊಂಡು, ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತ ನೋಡುವವಳು. ನನಗೆ ತಿಳಿಯದ ಮಾತು ಬಂದಾಗ ನಾನು ನಿಲ್ಲಿಸುತ್ತಿರಲಿಲ್ಲ, ಬಾಯಿಗೆ ಬಂದದ್ದು ಸೇರಿಸಿ ಹೇಳುತ್ತಿದ್ದೆ. ಎಷ್ಟೋ ಸಂಗತಿ ಆ ಕತೆಯಲ್ಲಿ ನಡೆದದ್ದೇ ಅಲ್ಲ, ನಮ್ಮ ನಡುಮನೆಯಲ್ಲಿ ನಡೆದದ್ದು.

ಹೊಗೆಯಪ್ಪ ಅಂತ ಹೆಸರಿಟ್ಟವಳೂ ಅಜ್ಜಿಯೇ. ಆದರೆ ಅಜ್ಜಿ ಮಾಂತ್ರಿಕನ ಪಕ್ಷ!

"ಆ ಗಡ್ಡದೋನೇ ಒಳ್ಳೇನು ಕಣಮ್ಮ. ಪಾಪ, ಕರ್ಮ ಮಾಡ್ತೀನಿ ಮಾಡ್ತೀನಿ ಅಂತಾವ್ನೆ. ಇವನು ನೋಡು, ತೆಪ್ಪಿಸ್ಕಂಡು ತಿರುಗ್ತಾನೆ," ಎನ್ನುತ್ತಿದ್ದಳು. ಆ ತಾಯಿ ಪರದೆಯ ಮೇಲೆ ಬಂದರಂತೂ ಹುಣಸೆ ಕುಟ್ಟುವ ಕಲ್ಲು ನಿಂತೇ ಹೋಗುತ್ತಿತ್ತು. "ಥೂ, ಎಂಥಾ ತಾಯೇ ಇವಳು! ಮಗ ಸತ್ತು ಹೊಗೆ ಆಗಿ ಹಸ್ಕಂಡು ಅಲೀತಾವ್ನೆ, ಇವಳು ಬದುಕವ್ನೆ ಬದುಕವ್ನೆ ಅಂತ ದೀಪ ಹಚ್ಕಂಡು ಕುಂತವ್ಳೆ. ಒಂದು ಎಡೆ ಇಡಾಕೆ ಏನ್ ಕಷ್ಟ ಇವಳಿಗೆ?"

ಈ ಮಾತು ಬಂದಾಗ ಅಪ್ಪ ಪೇಪರನ್ನು ಮುಖಕ್ಕೆ ಇನ್ನೂ ಹತ್ತಿರ ಹಿಡಿದುಕೊಳ್ಳುತ್ತಿದ್ದರು. ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ಯಾಕೆಂದರೆ ನಮ್ಮ ಮನೆಯಲ್ಲೂ ಒಬ್ಬ ಇಲ್ಲದ ಮಗನಿದ್ದ. ಅಪ್ಪನ ತಮ್ಮ, ರಂಗ ಚಿಕ್ಕಪ್ಪ. ನಾನು ಹುಟ್ಟುವ ವರ್ಷ ಶಿರಾದಲ್ಲಿ ಒಂದು ಲಾರಿ ಹತ್ತಿಕೊಂಡು ಪುಣೆಯ ಕಡೆ ಕ್ಲೀನರ್ ಕೆಲಸಕ್ಕೆ ಹೋದವನು ತಿರುಗಿ ಬರಲಿಲ್ಲ. ಸತ್ತ ಸುದ್ದಿಯೂ ಬರಲಿಲ್ಲ, ಇದ್ದ ಸುದ್ದಿಯೂ ಬರಲಿಲ್ಲ. ಅಪ್ಪ ಎರಡು ಸಲ ಹೋಗಿ ಹುಡುಕಿ ಬರಿಗೈಯಲ್ಲಿ ಬಂದರು. ಮಹಾಲಯ ಅಮಾವಾಸ್ಯೆಗೆ ಮನೆಯ ಸತ್ತವರಿಗೆಲ್ಲ ಎಡೆ ಇಡುವಾಗ ನೆಂಟರಲ್ಲಿ ಯಾರಾದರೂ "ರಂಗನಿಗೂ ಒಂದು ಎಲೆ..." ಎಂದು ಶುರು ಮಾಡಿದರೆ ಸಾಕು, ಅಜ್ಜಿ ಅವರ ಮುಖಕ್ಕೇ ಹೇಳುತ್ತಿದ್ದಳು: "ನನ್ ಮಗ ಬತ್ತಾನೆ. ಎಡೆ ಗಿಡೆ ಅಂದ್ರೆ ನೆಟ್ಟಗಿರಾಕಿಲ್ಲ." ಎಲೆ ಹಾಕಿದರೆ ಮಗ ಸತ್ತ ಅಂತ ತಾನೇ ಒಪ್ಪಿಕೊಂಡ ಹಾಗೆ. ಅಷ್ಟನ್ನು ಮಾಡಲು ಅವಳಿಂದ ಆಗುತ್ತಿರಲಿಲ್ಲ. ಹೆದ್ದಾರಿ ನಮ್ಮೂರಿನಿಂದ ದೂರ, ಆದರೂ ಊರೊಳಗೆ ಯಾವ ಲಾರಿ ಸದ್ದು ಮಾಡಿದರೂ ಅವಳ ಕತ್ತು ಬಾಗಿಲ ಕಡೆ ತಿರುಗುತ್ತಿತ್ತು.

ಇಂಥ ಅಜ್ಜಿ ಟಿವಿಯೊಳಗಿನ ತಾಯಿಯನ್ನು ಬೈಯುತ್ತಿದ್ದಳು. ದೊಡ್ಡವರಿಗೆ ಅದು ಅರ್ಥವಾಗುತ್ತಿತ್ತು. ನನಗೆ ಆಗುತ್ತಿರಲಿಲ್ಲ.

ಹನ್ನೊಂದನೆಯ ವಾರ ಕಳೆದ ಮೇಲೆ ಮಹಾಲಯ ಅಮಾವಾಸ್ಯೆ ಬಂತು. ಅಪ್ಪ ಬಾಳೆಎಲೆ ತರಲು ಕುಡುಗೋಲು ತೆಗೆದುಕೊಂಡು ಹೊರಟಿದ್ದರು. ಅಜ್ಜಿ ಒಲೆಯ ಮುಂದಿನಿಂದಲೇ ಕೂಗಿದಳು.

"ಲೇ ನಾಗ, ಈ ಸಲ ಒಂದು ಎಲೆ ಜಾಸ್ತಿ ಕೊಯ್ಕಂಬಾ."

ಅಪ್ಪ ಅಲ್ಲೇ ನಿಂತರು. "ಯಾರಿಗವ್ವಾ?" ಎಂದಾಗ ಅವರ ದನಿಯೇ ಬೇರೆಯಾಗಿತ್ತು.

"ಆ ಟಿವಿಯೋನಿಗೆ ಕಣ್ಲಾ, ಹೊಗೆಯಪ್ಪಂಗೆ. ಅವರವ್ವ ಇಡಾಕಿಲ್ಲ. ನಾವಾದ್ರೂ ಇಡಾನ."

ಅಪ್ಪ ನಗುತ್ತಾರೆ ಅಂದುಕೊಂಡೆ, ನಗಲಿಲ್ಲ. "ಆಗ್ಲಿ ಬುಡವ್ವ," ಎಂದು ಹೋದರು. ಕುಣಿದಾಡಿದವಳು ನಾನೊಬ್ಬಳೇ.

"ಬ್ಯಾಡಜ್ಜೀ! ಎಡೆ ಇಟ್ರೆ ಅವನ ಶಕ್ತಿ ಎಲ್ಲಾ ಹೋಗ್ಬುಡುತ್ತೆ! ಪುಸ್ತಕದಲ್ಲಿ ಬರ್ದೈತೆ!"

"ಹೋಗ್ಲಿ ಬುಡು. ಊರೋರ ಬೆಂಕಿ ಆರಿಸ್ಕಂಡು ಎಷ್ಟು ದಿನ ಅಂತ ತಿರುಗ್ತಾನೆ? ಹಸಿವಾಗಾಕಿಲ್ವಾ ಅವನಿಗೆ?"

"ಅವರಿಗೆಲ್ಲ ಹಸಿವಾಗಲ್ಲಜ್ಜಿ."

"ನಿಂಗೇನೇ ಗೊತ್ತು, ಹೆತ್ತೋಳ ಹಂಗೆ ಮಾತಾಡ್ತಾಳೆ," ಎಂದು ಒಲೆ ಊದತೊಡಗಿದಳು.

ನಮ್ಮ ಕಡೆ ಎಡೆ ಇಡುವ ರೀತಿ ನಿಮಗೆ ಹೇಳಬೇಕು. ನಡುಮನೆಯಲ್ಲಿ ಗೋಡೆಯ ಪಕ್ಕ ಸತ್ತವರಿಗೆ ಒಂದೊಂದರಂತೆ ಸಾಲಾಗಿ ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಪಕ್ಕದಲ್ಲಿ ಅವರದೊಂದು ಬಟ್ಟೆ. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡು ಜಗಲಿಯ ಮೇಲೆ ಕೂರುತ್ತಾರೆ. ಹಿರಿಯರು ಬಂದು ಉಣ್ಣುವ ಹೊತ್ತು ಅದು. ಯಾರೂ ಗಟ್ಟಿಯಾಗಿ ಮಾತಾಡಬಾರದು, ಇಣುಕಬಾರದು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಹಿರಿಯರು ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗುತ್ತಾರೆ. ಎಲೆಯಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತದೆ. ಹಿರಿಯರು ವಾಸನೆ ಮಾತ್ರ ಉಣ್ಣುತ್ತಾರಂತೆ.

ಆ ದಿನ ಮೂರು ಎಲೆ ತಾತ, ಮುತ್ತಾತ, ಮುತ್ತಜ್ಜಿಗೆ. ನಾಲ್ಕನೆಯದು ಹೊಗೆಯಪ್ಪನಿಗೆ. ಆ ಎಲೆಯನ್ನು ಅಜ್ಜಿ ಅವ್ವನ ಕೈಗೆ ಬಿಡಲಿಲ್ಲ, ತಾನೇ ಬಡಿಸಿದಳು. ಅನ್ನ, ಹೆಸರುಕಾಳಿನ ಪಲ್ಯ, ಪಾಯಸ, ವಡೆ. ಅದರ ಮೇಲೆ, ಹಿಂದಿನ ದಿನ ಯಾರಿಗೂ ಮುಟ್ಟಗೊಡದೆ ಕಟ್ಟಿಟ್ಟಿದ್ದ ಕಡ್ಲೆಬೀಜ ಬೆಲ್ಲದ ಉಂಡೆ ಐದು. ಪಕ್ಕದಲ್ಲಿ ಟ್ರಂಕಿನಿಂದ ತೆಗೆದ ಒಂದು ಚೌಕಳಿ ಅಂಗಿ. ಹಿಂದಿಯವನಿಗೆ ನಮ್ಮೂರಿನ ಕಡ್ಲೆಬೀಜದ ಉಂಡೆ ಯಾಕೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ನನ್ನ ತಲೆ ಬೇರೆ ಕಡೆ ಇತ್ತು. ಹೊಗೆಯಪ್ಪನನ್ನು ಉಳಿಸಬೇಕಿತ್ತು, ಉಳಿಸುವವಳು ನಾನೊಬ್ಬಳೇ ಇದ್ದೆ.

ಎಲ್ಲರೂ ಹೊರಡುವ ಗಡಿಬಿಡಿಯಲ್ಲಿ ನಾನು ರಾಗಿ ತುಂಬಿದ ದೊಡ್ಡ ಮಣ್ಣಿನ ವಾಡೆಯ ಹಿಂದೆ ಕೂತುಬಿಟ್ಟೆ. ಬಾಗಿಲು ಮುಚ್ಚಿತು.

ಆ ಕೋಣೆಯನ್ನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ಮಧ್ಯಾಹ್ನ, ಆದರೆ ಒಳಗೆ ಮಧ್ಯಾಹ್ನವಿಲ್ಲ. ಸೂರಿನ ಬೆಳಕಿಂಡಿಯಿಂದ ಒಂದೇ ಒಂದು ಬೆಳಕಿನ ಕೋಲು ಇಳಿದಿದೆ. ಧೂಪದ ಹೊಗೆ ನಿಧಾನವಾಗಿ ಎದ್ದು ಆ ಕೋಲಿನೊಳಗೆ ಬಂದಾಗ ಮಾತ್ರ ಕಾಣುತ್ತದೆ, ದಾಟಿದರೆ ಇಲ್ಲ. ಸುರುಳಿ ಸುರುಳಿಯಾಗಿ ಹೊಗೆ ಬಂತು. ಅದಕ್ಕೆ ಹೆಗಲು ಬಂತು. ತಲೆಯಂಥದ್ದೊಂದು ಬಂದು ನಾಲ್ಕನೆಯ ಎಲೆಯ ಮೇಲೆ ಬಾಗಿತು. ಹೊರಗಿನ ಸದ್ದೆಲ್ಲ ಬಹಳ ದೂರ ಹೋಗಿತ್ತು. ನನಗೆ ಹೆದರಿಕೆಯಾಗಲಿಲ್ಲ ಅಂದರೆ ನೀವು ನಂಬಬೇಕು. ಅವನು ಬಂದಿದ್ದ, ಅಷ್ಟೇ.

"ಹೊಗೆಯಪ್ಪಾ, ಉಣ್ಣಬೇಡ," ಎಂದೆ ಮೆಲ್ಲಗೆ. "ಉಂಡ್ರೆ ನೀನು ಹೋಗ್ಬುಡ್ತೀಯ."

ಅವನು ಇನ್ನೂ ಬಾಗಿದ. ಇನ್ನು ತಡಮಾಡಿದರೆ ಕೆಡುತ್ತದೆ ಅನ್ನಿಸಿ ನಾನು ಓಡಿ ಎಲೆಯ ಮುಂದೆ ಕೂತು ಉಣ್ಣಲು ಶುರುಮಾಡಿದೆ. ಮೊದಲು ಉಂಡೆ ಐದನ್ನೂ ಮುಗಿಸಿದೆ, ಆಮೇಲೆ ವಡೆ, ಆಮೇಲೆ ಪಾಯಸ. ಅನ್ನಕ್ಕೆ ಬರುವ ಹೊತ್ತಿಗೆ ಉಸಿರು ಕಟ್ಟುತ್ತಿತ್ತು, ಆದರೂ ಒಂದು ಅಗುಳು ಬಿಡಲಿಲ್ಲ. ಒಬ್ಬ ಮಹಾವೀರನನ್ನು ಕಾಪಾಡುವ ಕೆಲಸ ಅಷ್ಟು ರುಚಿಯಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಮುಗಿಸಿ, ಕೈ ಲಂಗಕ್ಕೆ ಒರೆಸಿಕೊಂಡು, ವಾಡೆಯ ಹಿಂದೆ ಸೇರಿದೆ. ಗೆದ್ದಿದ್ದೆ.

ಅಪ್ಪ ಕೆಮ್ಮಿದರು. ಬಾಗಿಲು ತೆರೆಯಿತು. ಮೊದಲು ಒಳಗೆ ಬಂದವಳು ಅಜ್ಜಿ.

ಅವಳು ಮೂರು ಎಲೆ ನೋಡಿದಳು, ನಾಲ್ಕನೆಯದನ್ನು ನೋಡಿದಳು. ಹಾಗೇ ನೆಲಕ್ಕೆ ಕುಸಿದಳು. ಚೌಕಳಿ ಅಂಗಿಯನ್ನು ಎತ್ತಿ ಎದೆಗೆ ಒತ್ತಿಕೊಂಡಳು.

"ಬಂದಿದ್ದ ಕಣ್ಲಾ ನಾಗ," ಎಂದಳು. "ನನ್ ರಂಗ ಬಂದಿದ್ದ. ಎಲ್ಲಾ ಉಂಡ್ಕಂಡು ಹೋಗವ್ನೆ. ಒಂದು ಉಂಡೆ ಬಿಟ್ಟಿಲ್ಲ ನೋಡ್ಲಾ. ಹೋಗ್ಬುಟ್ಟ ಕಣ್ಲಾ ನನ್ ಮಗ, ಹೋಗೇ ಬುಟ್ಟ."

ಹತ್ತು ವರ್ಷ ತಡೆದಿಟ್ಟಿದ್ದ ಅಳು ಅದು. ಅಪ್ಪ ಗೋಡೆ ಹಿಡಿದುಕೊಂಡು ಅತ್ತರು. ಅಪ್ಪ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆಗ ನನಗೂ ತಿಳಿಯಿತು, ಆ ಎಲೆ ಯಾರದು, ಆ ಅಂಗಿ ಯಾರದು ಅಂತ. ಟಿವಿಯವನ ಹೆಸರು ಹೇಳಿಕೊಂಡು ಅಜ್ಜಿ ತನ್ನ ಮಗನಿಗೆ ಎಡೆ ಇಟ್ಟಿದ್ದಳು. ನಾನು ವಾಡೆಯ ಹಿಂದೆ ಹೊಟ್ಟೆ ಹಿಡಿದುಕೊಂಡು ಕೂತಿದ್ದೆ. ಎದ್ದು ಬಂದು ಹೇಳಿಬಿಡಬೇಕಿತ್ತು. ಅದರ ಬದಲು, ಅಕ್ಕಪಕ್ಕದವರು ನುಗ್ಗಿದಾಗ ಅವರ ಕಾಲುಗಳ ನಡುವೆ ಸೇರಿಕೊಂಡು ಹೊರಬಿದ್ದೆ.

ಎರಡು ದಿನ ಹೊಟ್ಟೆನೋವು ಬಂದು ಮಲಗಿದೆ. ಹುಡುಗಿ ಭಯ ಬಿದ್ದಿದ್ದಾಳೆ ಎಂದು ಅವ್ವ ಮೆಣಸಿನಕಾಯಿ ನಿವಾಳಿಸಿದಳು.

ಮುಂದಿನ ಭಾನುವಾರ ಟಿವಿ ಹಾಕಿದರೆ ಹೊಗೆಯಪ್ಪ ಇಲ್ಲ. ಅವನ ಹೊತ್ತಿಗೆ ಯಾರೋ ಕಣ್ಣು ಮುಚ್ಚಿಕೊಂಡು ಸಿತಾರ್ ಬಾರಿಸುತ್ತಿದ್ದರು. ಅದರ ಮುಂದಿನ ವಾರವೂ ಸಿತಾರೇ. ಧಾರಾವಾಹಿ ಯಾಕೆ ನಿಂತಿತೋ ದೆಹಲಿಯವರಿಗೆ ಗೊತ್ತು. ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿತ್ತು. ಉಂಡದ್ದು ನಾನಾದರೂ ಎಡೆ ಮುಟ್ಟಬೇಕಾದಲ್ಲಿ ಮುಟ್ಟಿತ್ತು. ಒಂದೇ ಊಟದಲ್ಲಿ ಇಬ್ಬರನ್ನು ಕಳಿಸಿಬಿಟ್ಟಿದ್ದೆ.

ಅಜ್ಜಿ ಬದಲಾದಳು. ಲಾರಿಯ ಸದ್ದಿಗೆ ತಿರುಗುತ್ತಿದ್ದ ಕತ್ತು ತಿರುಗುವುದನ್ನು ನಿಲ್ಲಿಸಿತು. ಮಧ್ಯಾಹ್ನ ನಿದ್ದೆ ಮಾಡತೊಡಗಿದಳು, ಮೈ ಕೈ ತುಂಬಿಕೊಂಡಳು. "ಅವ್ವಂಗೆ ಈಗ ಸಮಾಧಾನ ಆಯ್ತು," ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಮುಂದಿನ ವರ್ಷದಿಂದ ಯಾರ ಹೆಸರೂ ಅಡ್ಡ ಬರದೆ ನಾಲ್ಕನೆಯ ಎಲೆ ರಂಗ ಚಿಕ್ಕಪ್ಪನದಾಯಿತು. ಆ ಎಲೆ ಮತ್ತೆಂದೂ ಖಾಲಿಯಾಗಲಿಲ್ಲ. ಒಂದೇ ಸಲ ಬಂದು ಋಣ ತೀರಿಸಿಕೊಂಡು ಹೋದ ಎಂದು ಅಜ್ಜಿ ನಂಬಿದಳು. ನಾನೋ ವರ್ಷ ವರ್ಷವೂ ಆ ಹಬ್ಬದ ವಡೆಯನ್ನು ಮುಟ್ಟುತ್ತಿರಲಿಲ್ಲ. ಚಿಕ್ಕಪ್ಪ ಬದುಕಿದ್ದರೆ? ಎಲ್ಲೋ ಒಂದು ಕಡೆ ಚೆನ್ನಾಗಿ ಬದುಕಿರುವವನನ್ನು ಸತ್ತವರ ಸಾಲಿನಲ್ಲಿ ಕೂರಿಸಿದವಳು ನಾನು. ಹೇಳಿದರೆ ಅಜ್ಜಿಯ ನೆಮ್ಮದಿ ಹೋಗುತ್ತದೆ, ಹೇಳದಿದ್ದರೆ ನನ್ನದು ಇಲ್ಲ.

ಎಂಟು ವರ್ಷ ಹೀಗೇ ಕಳೆಯಿತು. ಟೀಚರ್ ತರಬೇತಿಗೆಂದು ನಾನು ತುಮಕೂರಿಗೆ ಹೊರಡುವ ಹಿಂದಿನ ದಿನ, ಅಜ್ಜಿ ಅಂಗಳದಲ್ಲಿ ಒಬ್ಬಳೇ ಹುಣಸೆಹಣ್ಣು ಕುಟ್ಟುತ್ತಿದ್ದಳು. ಹತ್ತಿರ ಹೋಗಿ ಕೂತೆ. ಬೀಜ ಆರಿಸುತ್ತ ಆರಿಸುತ್ತ, ಅವಳ ಮುಖ ನೋಡದೆ, ವಾಡೆಯ ಹಿಂದಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿಬಿಟ್ಟೆ.

ಕಲ್ಲು ನಿಂತಿತು.

"ನೀನಾ ಉಂಡಿದ್ದು?"

"ಹೂಂ ಅಜ್ಜಿ."

"ಕಡ್ಲೆಬೀಜದ್ದು?"

"ಅದೂ ನಾನೇ."

"ಐದೂನೂವಾ?"

"ಐದೂ."

ಬೀಳುವ ಏಟಿಗೆ ನಾನು ಬೆನ್ನು ಸಿದ್ಧ ಮಾಡಿಕೊಂಡಿದ್ದೆ. ಅಜ್ಜಿ ಹುಣಸೆ ಮೆತ್ತಿದ ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡಿದ್ದಳು.

"ಅಂಗಾರೆ ನನ್ ರಂಗ ಬಂದೇ ಇಲ್ಲ," ಎಂದಳು.

"ಇಲ್ಲಜ್ಜಿ."

"ಉಂಡಿಲ್ಲ ಅವನು."

"ಇಲ್ಲ."

"ಅಂಗಾರೆ ಎಲ್ಲೋ ಅವ್ನೆ ಕಣಮ್ಮ!"

ಆ ಮುಖ! ಎಂಟು ವರ್ಷದಿಂದ ನಾನು ಸಮಾಧಾನ ಅಂದುಕೊಂಡದ್ದು ಏನೂ ಅಲ್ಲ ಅನ್ನಿಸುವ ಹಾಗೆ ಆ ಮುಖ ಬೆಳಗಿತು. "ಥೂ ಮುಂಡೇದೇ," ಎಂದು ನನ್ನ ಬೆನ್ನಿಗೆ ಗುದ್ದಿದಳು, ನಗುತ್ತ ಅಳುತ್ತ ಗುದ್ದಿದಳು. "ಎಂಟು ವರ್ಸ ಹೊಟ್ಟೇಲಿ ಮಡಿಕ್ಕಂಡಿದ್ಯಲ್ಲೇ! ಬದುಕಿರೋ ಮಗನಿಗೆ ನನ್ ಕೈಲಿ ಎಡೆ ಇಡ್ಸಿದ್ಯಲ್ಲೇ!"

ಅಜ್ಜಿ, ಉಂಡಿಲ್ಲ ಅಂದಮಾತ್ರಕ್ಕೆ ಬದುಕಿದ್ದಾನೆ ಅಂತ ಅರ್ಥವಲ್ಲ ಎನ್ನಬೇಕೆಂದುಕೊಂಡೆ. ಅನ್ನಲಿಲ್ಲ. ನಾನು ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಹಗುರಾದೆ, ಅದು ನಿಜ. ಆ ಭಾರ ಎಪ್ಪತ್ತು ದಾಟಿದ ಜೀವದ ಮೇಲೆ ಹೋಗಿ ಕೂತಿತು, ಅದೂ ನಿಜ. ಆದರೆ ಅವಳು ಅದನ್ನು ಭಾರ ಅಂತ ಹೊತ್ತವಳಲ್ಲ.

ಸಂಜೆ ಅವ್ವ ಒಲೆಯ ಮೇಲೆ ಹಿಟ್ಟು ತಿರುವುತ್ತಿದ್ದಾಗ ಅಜ್ಜಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. "ಲಕ್ಷ್ಮೀ, ಇವತ್ತಿಂದ ಒಂದು ಮುದ್ದೆ ಜಾಸ್ತಿ ಕಟ್ಟು. ರಂಗ ಯಾವಾಗ ಬತ್ತಾನೋ ಏನೋ, ಹಸ್ಕಂಡ್ ಬತ್ತಾನೆ," ಎಂದಳು. ಅವ್ವ ಅಪ್ಪನ ಮುಖ ನೋಡಿದಳು, ಅಪ್ಪ ನನ್ನ ಮುಖ ನೋಡಿದರು. ಅವ್ವ ಏನೂ ಕೇಳದೆ ಒಂದು ಮುದ್ದೆ ಹೆಚ್ಚಿಗೆ ಕಟ್ಟಿದಳು.

ಬೆಳಿಗ್ಗೆ ನಾನು ಬಸ್ಸಿಗೆ ಹೊರಟು ನಿಂತಾಗ ಅಜ್ಜಿ ಆ ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಈರುಳ್ಳಿ ಹಾಕಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟಳು.

"ಇದು ಚಿಕ್ಕಪ್ಪಂದಲ್ವಾ ಅಜ್ಜಿ?" ಎಂದೆ.

"ಹೂಂ. ಅವನ ಪಾಲಿಂದು ಉಣ್ಣಾಕೆ ನಿಂಗೆ ಮೊದ್ಲಿಂದಾನೂ ರೂಢಿ ಐತಲ್ಲ," ಎಂದಳು. "ಅವನು ಬರಗಂಟ ನೀನೇ ಉಣ್ಣು."